ನಿಮ್ಮ ಬೀದಿಯ ಮರ ಎಷ್ಟು ತಂಪು ಕೊಡುತ್ತದೆ? ಅಳೆದು ನೋಡುವ ಬಗೆ

ಸುಡುಬಿಸಿಲಿನಲ್ಲಿ ಥರ್ಮಾಮೀಟರ್ ಹಿಡಿದುಕೊಂಡು ಮರದ ಕೆಳಗೆ ಬಂದು ನಿಂತವರಿಗೆ ಮೊದಲು ಆಗುವುದು ನಿರಾಸೆ. ಬಿಸಿಲಿನಲ್ಲಿ 34 ಡಿಗ್ರಿ ಇದ್ದದ್ದು ಮರದಡಿ 33 ಅನ್ನುತ್ತದೆ, ಬಹಳವೆಂದರೆ 32. ‘ಇಷ್ಟಕ್ಕಾ ಇಷ್ಟೆಲ್ಲ ಗಲಾಟೆ?’ ಎಂದು ರಸ್ತೆ ಅಗಲ ಮಾಡಲು ಹೊರಟಿದ್ದ ಎಂಜಿನಿಯರ್ ಒಬ್ಬರು ನನ್ನನ್ನು ಕೇಳಿದ್ದುಂಟು. ಕೇಳುವಾಗ ಅವರು ನಿಂತಿದ್ದು ಮರದ ನೆರಳಿನಲ್ಲೇ. ‘ಬನ್ನಿ ಸಾರ್, ಬಿಸಿಲಿಗೆ ಸರಿದು ಮಾತಾಡೋಣ’ ಎಂದೆ. ಬರಲಿಲ್ಲ.

ಅವರ ಥರ್ಮಾಮೀಟರ್ ಸುಳ್ಳೇನೂ ಹೇಳಿರಲಿಲ್ಲ. ಅದು ಗಾಳಿಯ ಉಷ್ಣತೆ ಅಳೆದಿತ್ತು, ಅಷ್ಟೆ. ಬೀದಿಯ ಗಾಳಿ ಒಂದು ಕಡೆ ನಿಲ್ಲುವಂಥದ್ದಲ್ಲ. ಮರದ ಕೆಳಗೆ ಒಂದಿಷ್ಟು ತಣಿದರೂ ಮರುಗಳಿಗೆಗೆ ಪಕ್ಕದ ಡಾಂಬರಿನ ಮೇಲಿನ ಗಾಳಿ ಬಂದು ಅದರೊಳಗೆ ಸೇರುತ್ತದೆ. ಮೈಗೆ ಆಗುವ ಧಗೆಯನ್ನು ನಿರ್ಧರಿಸುವುದು ಗಾಳಿಯ ಉಷ್ಣತೆಯೊಂದೇ ಅಲ್ಲ. ತೇವಾಂಶ, ಗಾಳಿಯ ವೇಗ, ಎಲ್ಲಕ್ಕಿಂತ ಮುಖ್ಯವಾಗಿ ಸುತ್ತಲಿಂದ ಮೈಮೇಲೆ ಬಂದು ಬೀಳುವ ಝಳ. ಮರದ ದೊಡ್ಡ ಉಪಕಾರ ಇರುವುದು ಈ ಕೊನೆಯದರಲ್ಲಿ. ಹಾಗಾಗಿ ಬೀದಿ ಮರಗಳ ಬಗ್ಗೆ ವಾದ ಮಾಡುವ ಮೊದಲು ಆ ಝಳವನ್ನು ಅಳೆಯುವುದು ಕಲಿಯಬೇಕು. ಅಂಥ ಕಷ್ಟದ ಕೆಲಸವಲ್ಲ. ರಸ್ತೆಗಳ ನಕ್ಷೆ ಬರೆಯುವುದು ನನ್ನ ಕಸುಬು. ಅದರ ಜೊತೆಗೇ ರೂಢಿಸಿಕೊಂಡ ವಿಧಾನ ಇದು.

ಮೊದಲು ಝಳ ಎಲ್ಲಿಂದ ಬರುತ್ತದೆ ನೋಡಿ. ನಿರ್ಮಲ ಆಕಾಶದ ನಡುಹಗಲಲ್ಲಿ ನೆಲದ ಒಂದು ಚದರ ಮೀಟರಿನ ಮೇಲೆ ಹೆಚ್ಚುಕಡಿಮೆ 1000 ವಾಟ್ ಬಿಸಿಲು ಬೀಳುತ್ತದೆ. ಇದು ಮೇಲಿನಿಂದ ಬರುವ ಪಾಲು. ಅದೇ ಬಿಸಿಲು ಕುಡಿದು 60 ಡಿಗ್ರಿಗೆ ಕಾದ ಡಾಂಬರು ಕಣ್ಣಿಗೆ ಕಾಣದ ಶಾಖವಾಗಿ ಚದರ ಮೀಟರಿಗೆ ಸುಮಾರು 700 ವಾಟ್ ಹೊರಗೆ ಸೂಸುತ್ತದೆ. ನೆರಳಲ್ಲಿದ್ದು 35 ಡಿಗ್ರಿಯಲ್ಲೇ ಉಳಿದ ಡಾಂಬರು ಸೂಸುವುದು ಸುಮಾರು 510. ಗೋಡೆ, ನಿಂತ ಕಾರು, ಕಾಂಪೌಂಡು ಎಲ್ಲವೂ ಇದೇ ಲೆಕ್ಕದಲ್ಲಿ ತಮ್ಮ ಪಾಲು ಸೇರಿಸುತ್ತವೆ. ಮರ ಮೇಲಿನ ಬಿಸಿಲನ್ನೂ ತಡೆಯುತ್ತದೆ, ಕಾಲಡಿಯ ನೆಲ ಕಾಯದಂತೆಯೂ ನೋಡಿಕೊಳ್ಳುತ್ತದೆ. ಎರಡು ಕಡೆಯಿಂದ ಉಳಿತಾಯ.

ಈ ಎಲ್ಲ ದಿಕ್ಕಿನ ಝಳವನ್ನೂ ಒಟ್ಟುಮಾಡಿ ಒಂದೇ ಅಂಕಿಯಲ್ಲಿ ಹೇಳುವುದಕ್ಕೆ ಸರಾಸರಿ ವಿಕಿರಣ ಉಷ್ಣತೆ ಎನ್ನುತ್ತಾರೆ. ಅದನ್ನು ಅಂದಾಜು ಮಾಡಲು 1930ರ ದಶಕದಲ್ಲಿ ಇಂಗ್ಲೆಂಡಿನ ಶರೀರವಿಜ್ಞಾನಿ ವರ್ನನ್ ಬಳಕೆಗೆ ತಂದ ಉಪಕರಣ ಬಲು ಸರಳ: ಕಪ್ಪು ಬಳಿದ ಟೊಳ್ಳು ತಾಮ್ರದ ಗೋಳ, ಅದರ ನಡುವೆ ಒಂದು ಥರ್ಮಾಮೀಟರ್. ಅಮೆರಿಕದ ಸೇನೆ 1950ರ ದಶಕದಲ್ಲಿ ತರಬೇತಿಯ ಹುಡುಗರು ಬಿಸಿಲಿಗೆ ಕುಸಿದು ಬೀಳುವುದನ್ನು ತಡೆಯಲು ಒಂದು ಸೂಚ್ಯಂಕ ಮಾಡಿಕೊಂಡಿತು. ಅದರಲ್ಲಿ ಒದ್ದೆ ಬತ್ತಿಯ ಥರ್ಮಾಮೀಟರಿಗೆ (ನೀರು ಆರಿ ಎಷ್ಟು ತಣಿಯುತ್ತದೆ ಎಂದು ತೋರಿಸುವಂಥದ್ದು) ನೂರಕ್ಕೆ 70 ಪಾಲು, ಈ ಗೋಳಕ್ಕೆ 20, ಬರೀ ಗಾಳಿಯ ಉಷ್ಣತೆಗೆ ಉಳಿದದ್ದು 10. ಆ ಎಂಜಿನಿಯರ್ ಹಿಡಿದಿದ್ದು ಈ ಹತ್ತು ಪಾಲಿನ ಥರ್ಮಾಮೀಟರನ್ನು.

ಗೋಳ ಮಾಡಿಕೊಳ್ಳುವುದು

ಪ್ರಯೋಗಾಲಯದ ಗೋಳ 150 ಮಿಲಿಮೀಟರ್ ವ್ಯಾಸದ್ದು. ಅದು ಒಂದು ಅಂಕಿಗೆ ಬಂದು ನಿಲ್ಲಲು ಇಪ್ಪತ್ತು ನಿಮಿಷದ ಹತ್ತಿರ ಕಾಯಿಸುತ್ತದೆ. ಬೀದಿಯಲ್ಲಿ ಅಷ್ಟು ಹೊತ್ತಿಗೆ ನೆರಳೇ ಜರುಗಿರುತ್ತದೆ. ಟೇಬಲ್ ಟೆನ್ನಿಸ್ ಚೆಂಡು ಸಾಕು. ಈಗಿನ ಚೆಂಡಿನ ವ್ಯಾಸ 40 ಮಿಲಿಮೀಟರ್. ಹೊರಾಂಗಣದ ಸಂಶೋಧನೆಯಲ್ಲೂ ಹೆಚ್ಚುಕಡಿಮೆ ಇದೇ ಅಳತೆಯ ಗೋಳ ಬಳಸುತ್ತಾರೆ.

ಚೆಂಡಿಗೆ ಹೊಳಪಿಲ್ಲದ ಬೂದು ಬಣ್ಣ ಬಳಿಯಿರಿ. ಕಪ್ಪು ಬೇಡ. ಕಪ್ಪು ಬಣ್ಣ ನಮ್ಮ ಚರ್ಮ, ಬಟ್ಟೆಗಳಿಗಿಂತ ಹೆಚ್ಚು ಬಿಸಿಲು ಹೀರಿಕೊಂಡು ಅಂಕಿಯನ್ನು ಉಬ್ಬಿಸುತ್ತದೆ. ಒಂದು ಸಣ್ಣ ತೂತು ಕೊರೆದು, ತಂತಿಯ ತುದಿಯಲ್ಲಿ ಸಂವೇದಕ ಇರುವ ಡಿಜಿಟಲ್ ಥರ್ಮಾಮೀಟರನ್ನು ಒಳಗೆ ಇಳಿಸಿ. ಸಂವೇದಕದ ತುದಿ ಚೆಂಡಿನ ನಟ್ಟನಡುವೆ ಇರಬೇಕು, ಗೋಡೆಗೆ ತಾಗಬಾರದು. ತೂತನ್ನು ಅಂಟಿನಿಂದ ಮುಚ್ಚಿ. ಚೆಂಡನ್ನು ಕೋಲಿಗೆ ಕಟ್ಟಿ ನೆಲದಿಂದ 1.1 ಮೀಟರ್ ಎತ್ತರದಲ್ಲಿ ನಿಲ್ಲಿಸಿ, ನಿಂತ ಮನುಷ್ಯನ ಹೊಟ್ಟೆಯ ಮಟ್ಟಕ್ಕೆ.

ಇನ್ನೊಂದು ಥರ್ಮಾಮೀಟರ್ ಗಾಳಿಗೆ ಬೇಕು. ಅದಕ್ಕೆ ಬಿಸಿಲು ತಾಗಬಾರದು, ಗಾಳಿ ಮಾತ್ರ ಆಡಬೇಕು. ಎರಡು ಬಿಳಿ ಪ್ಲಾಸ್ಟಿಕ್ ತಟ್ಟೆಗಳನ್ನು ನಾಲ್ಕು ಬೆರಳಂತರ ಬಿಟ್ಟು ಒಂದರ ಮೇಲೊಂದು ಕಟ್ಟಿ, ನಡುವೆ ಸಂವೇದಕ ಇಟ್ಟರೆ ಆಯಿತು. ಗಾಳಿಯ ವೇಗ ನೋಡಲು ಕೈಯಲ್ಲಿ ಹಿಡಿಯುವ ಸಣ್ಣ ಮಾಪಕ ಸಿಕ್ಕರೆ ಒಳ್ಳೆಯದು.

ಮೇಲ್ಮೈಯ ಶಾಖ ನೋಡುವ ಇನ್‌ಫ್ರಾರೆಡ್ ಗನ್ ಇದ್ದರೆ ಮಜಾ ಹೆಚ್ಚು, ಎಡವಟ್ಟೂ ಹೆಚ್ಚು. ಅದನ್ನು ಆಕಾಶಕ್ಕೆ ಗುರಿಯಿಟ್ಟು ‘ಗಾಳಿ ಇಷ್ಟು ಡಿಗ್ರಿ’ ಎನ್ನುವವರನ್ನು ನೋಡಿದ್ದೇನೆ. ಅದು ಗಾಳಿಯನ್ನು ಅಳೆಯುವುದೇ ಇಲ್ಲ. ಹೊಳೆಯುವ ಸ್ಟೀಲು, ಅಲ್ಯೂಮಿನಿಯಂ ಮೇಲೂ ಅದು ತಪ್ಪು ಅಂಕಿ ಕೊಡುತ್ತದೆ. ಡಾಂಬರು, ಕಲ್ಲು, ಗಾರೆ, ಎಲೆ, ಬಟ್ಟೆ ಇವುಗಳಿಗೆ ಸರಿ.

ಒಂದು ಲೆಕ್ಕ

ಒಂದೇ ಬೀದಿಯಲ್ಲಿ ಬಿಸಿಲಿನದೊಂದು, ನೆರಳಿನದೊಂದು ಜಾಗ ಆರಿಸಿ. ಪ್ರತಿ ಜಾಗದಲ್ಲೂ ಚೆಂಡಿನ ಅಂಕಿ ಏರಿಳಿಯುವುದು ನಿಲ್ಲುವವರೆಗೆ ಕಾಯಿರಿ. ಐದು ನಿಮಿಷಕ್ಕೆ ಮುಂಚೆ ಬರೆದುಕೊಳ್ಳಬೇಡಿ, ಹತ್ತಾದರೆ ನಿಶ್ಚಿಂತೆ. ನೀವು ಚೆಂಡಿಗೆ ಅಡ್ಡ ನಿಲ್ಲಬೇಡಿ. ನಿಮ್ಮ ಮೈ ಶಾಖವೂ ಅದಕ್ಕೆ ತಗಲುತ್ತದೆ.

ಉದಾಹರಣೆಗೆ, ಬಿಸಿಲಿನಲ್ಲಿ ಗಾಳಿ 34, ಚೆಂಡು 44 ಡಿಗ್ರಿ ತೋರಿಸಿತು ಎನ್ನಿ. ಗಾಳಿಯ ವೇಗ ಸೆಕೆಂಡಿಗೆ 1 ಮೀಟರ್. ಚೆಂಡಿನ ಅಂಕಿಗೆ 273 ಕೂಡಿಸಿ: 317. ಅದನ್ನು ಅದರಿಂದಲೇ ಗುಣಿಸುತ್ತ ನಾಲ್ಕನೇ ಘಾತಕ್ಕೆ ಏರಿಸಿದರೆ ಸುಮಾರು 1010 ಕೋಟಿ. ಇನ್ನೊಂದು ಕಡೆ ಚೆಂಡಿಗೂ ಗಾಳಿಗೂ ಇರುವ ಅಂತರ 10. ಅದನ್ನು 42 ಕೋಟಿಯಿಂದ ಗುಣಿಸಿ: 420 ಕೋಟಿ. (40 ಮಿಲಿಮೀಟರ್ ಗೋಳಕ್ಕೆ, ಈ ವೇಗದ ಗಾಳಿಗೆ ಬರುವ ಗುಣಕ ಇದು. ಗಾಳಿ ಬೇರೆ ಇದ್ದರೆ ವೇಗದ 0.6ನೇ ಘಾತವನ್ನು ಇದಕ್ಕೆ ಗುಣಿಸಬೇಕು.) ಎರಡನ್ನೂ ಕೂಡಿಸಿದರೆ 1430 ಕೋಟಿ. ಕ್ಯಾಲ್ಕುಲೇಟರಿನಲ್ಲಿ ವರ್ಗಮೂಲದ ಗುಂಡಿಯನ್ನು ಎರಡು ಸಲ ಒತ್ತಿ: ಸುಮಾರು 346. ಅದರಿಂದ 273 ಕಳೆದರೆ 73 ಡಿಗ್ರಿ. ಆ ಜಾಗದಲ್ಲಿ ನಿಂತವರ ಮೈ, ಸುತ್ತಲೂ 73 ಡಿಗ್ರಿಯ ಗೋಡೆಗಳಿರುವ ಕೋಣೆಯೊಳಗೆ ನಿಂತಷ್ಟು ಝಳ ಉಣ್ಣುತ್ತಿದೆ ಎಂದು ಅರ್ಥ.

ಈಗ ಮರದಡಿ. ಗಾಳಿ 33, ಚೆಂಡು 35. ಅದೇ ಲೆಕ್ಕ: 308ರ ನಾಲ್ಕನೇ ಘಾತ 900 ಕೋಟಿ, ಅದಕ್ಕೆ 84 ಕೋಟಿ ಸೇರಿ 984 ಕೋಟಿ. ಎರಡು ಸಲ ವರ್ಗಮೂಲ ತೆಗೆದು 273 ಕಳೆದರೆ 42 ಡಿಗ್ರಿ.

ಗಾಳಿಯಲ್ಲಿ ಒಂದೇ ಡಿಗ್ರಿ ವ್ಯತ್ಯಾಸ. ಝಳದಲ್ಲಿ 31. ಮರದ ವಕಾಲತ್ತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಇನ್ನೂ ಮುಂದೆ ಹೋಗುವವರು ಈ ಅಂಕಿಯನ್ನು ತೇವಾಂಶ, ಗಾಳಿಯ ವೇಗದ ಜೊತೆ ರೇಮ್ಯಾನ್‌ನಂಥ ತಂತ್ರಾಂಶಕ್ಕೆ ಊಡಿಸಿ, ಯುಟಿಸಿಐ ಎಂಬ ಜಾಗತಿಕ ಸೂಚ್ಯಂಕಕ್ಕೆ ಇಳಿಸಿಕೊಳ್ಳಬಹುದು. ಅದರಲ್ಲಿ 9ರಿಂದ 26 ಡಿಗ್ರಿ ಎಂದರೆ ಮೈಗೆ ತೊಂದರೆಯಿಲ್ಲ, 32 ದಾಟಿದರೆ ತೀವ್ರ ಬಾಧೆ, 38 ದಾಟಿದರೆ ಅತಿ ತೀವ್ರ, 46ರ ಮೇಲೆ ವಿಪರೀತ. ಬೀದಿಯ ಜನರಿಗೆ ತೋರಿಸಲು ನನಗಂತೂ ಚೆಂಡಿನ ಅಂಕಿಯೇ ಸಾಕೆನಿಸುತ್ತದೆ. ಮರದಡಿಯ ಚೆಂಡನ್ನು ಬಿಸಿಲಿಗೆ ಒಯ್ದು, ಅಂಕಿ ಏರುತ್ತ ಹೋಗುವುದನ್ನು ಅವರ ಕಣ್ಣೆದುರೇ ತೋರಿಸಿದರೆ ಮುಂದಿನ ಮಾತು ಸುಲಭ.

ಯಾವಾಗ, ಎಲ್ಲಿ

ಮಟಮಟ ಮಧ್ಯಾಹ್ನವೊಂದನ್ನೇ ಅಳೆದು ಮನೆಗೆ ಹೋಗಬೇಡಿ. ಆ ಬೀದಿಯಲ್ಲಿ ಜನ ಯಾವಾಗ ಓಡಾಡುತ್ತಾರೋ ಆಗ ಅಳೆಯಿರಿ. ಶಾಲೆ ಬಿಡುವ ಹೊತ್ತು, ಪಾಳಿ ಬದಲಾಗುವ ಹೊತ್ತು, ಬಸ್ಸು ತುಂಬುವ ಹೊತ್ತು. ಸಂಜೆ ನಾಲ್ಕರ ಬಿಸಿಲು ಓರೆಯಾಗಿ ಬಂದು ನಿಂತವರ ಮುಖಕ್ಕೆ, ಎದೆಗೆ ನೇರ ಹೊಡೆಯುತ್ತದೆ. ತಲೆಯ ಮೇಲಿನ ಮಧ್ಯಾಹ್ನದ ಸೂರ್ಯನಿಗೆ ನಮ್ಮ ತಲೆ, ಹೆಗಲಷ್ಟೇ ಸಿಗುತ್ತವೆ. ಹೊತ್ತೇರಿದಂತೆಲ್ಲ ಕಾದ ಗೋಡೆಗಳೂ ಸಂಜೆಯ ಲೆಕ್ಕಕ್ಕೆ ಸೇರಿಕೊಳ್ಳುತ್ತವೆ. ಬಹಳ ಬೀದಿಗಳಲ್ಲಿ ನಿಜವಾದ ಪರೀಕ್ಷೆ ಇರುವುದು ಮಧ್ಯಾಹ್ನ ಎರಡರಿಂದ ಐದರವರೆಗೆ.

ಅಳೆಯುವ ಜಾಗ ಆರಿಸಲು ಉಪಕರಣ ಬೇಡ, ಜನರನ್ನು ನೋಡಿ. ನೆರಳಿಲ್ಲದ ಬಸ್ ನಿಲ್ದಾಣದಲ್ಲಿ ವಿದ್ಯುತ್ ಕಂಬದ ಒಂದು ಗೇಣಗಲದ ನೆರಳಿನುದ್ದಕ್ಕೆ ಆರೇಳು ಜನ ಒಬ್ಬರ ಹಿಂದೊಬ್ಬರು ಸಾಲಾಗಿ ನಿಂತಿರುವುದನ್ನು ನೀವೂ ಕಂಡಿರುತ್ತೀರಿ. ಯಾರೂ ಯಾರಿಗೂ ಹೇಳಿರುವುದಿಲ್ಲ. ನೆರಳು ಸರಿದಂತೆ ಸಾಲೂ ಸರಿಯುತ್ತದೆ. ಅಲ್ಲಿ ಮರ ಬೇಕು ಎನ್ನುವುದಕ್ಕೆ ಬೇರೆ ಸಮೀಕ್ಷೆ ಯಾಕೆ? ನಡೆದು ದಾಟುವ ಜಾಗಕ್ಕಿಂತ ನಿಂತು ಕಾಯುವ ಜಾಗಕ್ಕೆ ಮೊದಲ ಮರ ಸಲ್ಲಬೇಕು: ಬಸ್ ನಿಲ್ದಾಣ, ಸಿಗ್ನಲ್ಲು, ಆಸ್ಪತ್ರೆಯ ಗೇಟು, ಶಾಲೆಯ ಬಾಗಿಲು. ಆಚೆ ಒಳ್ಳೆಯ ನೆರಳಿರುವ ಕಡೆಯೆಲ್ಲ ಕಾರು ನಿಂತು, ಮನುಷ್ಯರು ಬಿಸಿಲಿನಲ್ಲಿ ನಡೆಯುವ ಬೀದಿಗಳಿಗೇನೂ ಕೊರತೆಯಿಲ್ಲ. ನಿಮ್ಮ ಪಟ್ಟಿಯಲ್ಲಿ ಅದನ್ನೂ ಬರೆದುಕೊಳ್ಳಿ.

ನೆರಳು ಎಲ್ಲಿ ಬೀಳುತ್ತದೆ

ಗುಂಡಿ ತೆಗೆಯುವ ಮೊದಲು ನೆರಳಿನ ಲೆಕ್ಕ ಹಾಕಬೇಕು. ಒಂದು ಮೀಟರ್ ಕೋಲನ್ನು ನೆಟ್ಟಗೆ ನಿಲ್ಲಿಸಿ ಅದರ ನೆರಳನ್ನು ಟೇಪಿನಿಂದ ಅಳೆಯಿರಿ. ಕೋಲಿನ ನೆರಳು ಎಷ್ಟು ಮೀಟರೋ, ಮರದ ಪ್ರತಿ ಮೀಟರಿಗೂ ಆ ಹೊತ್ತಿನಲ್ಲಿ ಅಷ್ಟೇ ನೆರಳು. ಸೂರ್ಯ 45 ಡಿಗ್ರಿಯಲ್ಲಿದ್ದಾಗ ಎತ್ತರ, ನೆರಳು ಎರಡೂ ಸಮ. 30 ಡಿಗ್ರಿಗೆ ಇಳಿದರೆ 10 ಮೀಟರ್ ಮರದ ತುದಿಯ ನೆರಳು 17 ಮೀಟರ್ ಆಚೆ, ಪ್ರಾಯಶಃ ಎದುರು ಮನೆಯ ಗೋಡೆಯ ಮೇಲೆ ಬಿದ್ದಿರುತ್ತದೆ. ಅದು ಮನೆಯವರಿಗೆ ಸುಖವೇ. ಫುಟ್‌ಪಾತಿನವರಿಗೆ ಏನೂ ಇಲ್ಲ.

ಬೀದಿ ಯಾವ ದಿಕ್ಕಿಗಿದೆ ಎನ್ನುವುದರ ಮೇಲೆ ಲೆಕ್ಕ ತಿರುಗುತ್ತದೆ. ಉತ್ತರ ದಕ್ಷಿಣವಾಗಿ ಓಡುವ ಬೀದಿಯಲ್ಲಿ ಮಧ್ಯಾಹ್ನದ ನಂತರ ಪಶ್ಚಿಮದ ಕಟ್ಟಡಗಳು ತಮ್ಮ ಬುಡದ ಫುಟ್‌ಪಾತಿಗೆ ತಾವೇ ನೆರಳು ಕೊಡುತ್ತವೆ. ಬೇಯುವುದು ಪೂರ್ವದ ಫುಟ್‌ಪಾತು. ಮರ ಅಲ್ಲಿಗೆ ಬೇಕು, ಅದೂ ರಸ್ತೆಯಂಚಿಗೆ, ಅಂದರೆ ನಡೆಯುವವರ ಪಶ್ಚಿಮಕ್ಕೆ. ಪೂರ್ವ ಪಶ್ಚಿಮವಾಗಿ ಓಡುವ ಬೀದಿಯಲ್ಲಿ ಕರ್ಕಾಟಕ ಸಂಕ್ರಾಂತಿ ವೃತ್ತದಿಂದ ಉತ್ತರಕ್ಕಿರುವ ಊರುಗಳಲ್ಲಿ ನಡುಹಗಲ ಬಿಸಿಲೆಲ್ಲ ಉತ್ತರದ ಫುಟ್‌ಪಾತಿನ ಪಾಲು. ಮಕರ ಸಂಕ್ರಾಂತಿ ವೃತ್ತದಿಂದ ದಕ್ಷಿಣಕ್ಕೆ ಹೋದರೆ ಇದು ತಲೆಕೆಳಗು. ಎರಡು ವೃತ್ತಗಳ ನಡುವಿನ ಉಷ್ಣವಲಯದಲ್ಲಿ ಸೂರ್ಯ ವರ್ಷದಲ್ಲಿ ಎರಡು ಸಲ ನೆತ್ತಿಯ ಮೇಲೆಯೇ ಬಂದು ಆ ಬದಿಗೂ ಈ ಬದಿಗೂ ಸರಿಯುವುದರಿಂದ ಎರಡೂ ಕಡೆ ಮರ ಬೇಕು. ಅಲ್ಲಿ ನಡುಹಗಲ ನೆರಳು ಬುಡದಲ್ಲೇ ಬೀಳುವುದರಿಂದ ಕೊಂಬೆಗಳು ಫುಟ್‌ಪಾತಿನ ಮೇಲೇ ಚಾಚಿಕೊಂಡಿರಬೇಕು. ರಸ್ತೆ ನಡುವಿನ ಡಿವೈಡರಿನಲ್ಲಿ ನೆಟ್ಟ ಸಾಲು ಫೋಟೋಗೆ ಚೆಂದ. ಡಾಂಬರು ಕಾಯುವುದನ್ನು ಒಂದಿಷ್ಟು ತಪ್ಪಿಸುತ್ತದೆ, ನಿಜ. ಆದರೆ ನಡೆಯುವವರ ತಲೆಗೆ ಅದರಿಂದ ದಕ್ಕುವುದು ಕಡಿಮೆ.

ನೆಲದ ಮೇಲೆ ಸೀಮೆಸುಣ್ಣದಿಂದ ಗಂಟೆಗೊಮ್ಮೆ ನೆರಳಿನ ಅಂಚು ಗುರುತು ಮಾಡಿ, ಪಕ್ಕದಲ್ಲಿ ಸಮಯ ಬರೆಯಿರಿ. ಸೂರ್ಯನ ಪಯಣ ಗಂಟೆಗೆ 15 ಡಿಗ್ರಿ. ಒಂದೇ ಮಧ್ಯಾಹ್ನದಲ್ಲಿ ಯಾವ ಮರದ ನೆರಳು ಎಲ್ಲಿ ಎಷ್ಟು ಹೊತ್ತು ನಿಂತಿತು ಎನ್ನುವ ನಕ್ಷೆ ಸಿದ್ಧವಾಗುತ್ತದೆ. ಮಕ್ಕಳಿಗೆ ಈ ಕೆಲಸ ಹೇಳಿದರೆ ಅವರು ನಿಮಗಿಂತ ನಿಷ್ಠೆಯಿಂದ ಮಾಡುತ್ತಾರೆ.

ಎಂಥ ಮರ

ಹೆಸರಿಗಿಂತ ಗುಣ ನೋಡಿ. ಅಗಲ ಹಂದರ, ಒತ್ತಾದ ಎಲೆ, ಮೊದಲ ಕವಲು ಜನರ ತಲೆಗೆ ತಾಗದಷ್ಟು ಮೇಲೆ, ಕನಿಷ್ಠ ಎರಡೂವರೆ ಮೀಟರ್. ಎಲೆ ದಟ್ಟವಾಗಿರುವ ಮರದ ಕೆಳಗೆ ನೇರ ಬಿಸಿಲಿನ ಹತ್ತರಲ್ಲೊಂದು ಪಾಲು ದಾಟುವುದೂ ಕಷ್ಟ. ತಾಳೆಯ ಜಾತಿಯ ಮರಗಳನ್ನು ಸಾಲಾಗಿ ನೆಡುವುದು ಬಹಳ ಕಡೆ ಫ್ಯಾಶನ್ನಾಗಿದೆ. ಅವು ಕೊಡುವುದು ಕಂಬದ ನೆರಳು, ತುದಿಯಲ್ಲೊಂದು ಕುಚ್ಚು.

ತಗಡಿನ ಚಾವಣಿ ಹಾಕಿದರೂ ನೆರಳು ನೆರಳೇ ಅಲ್ಲವೇ ಎಂದು ಕೇಳುವವರಿದ್ದಾರೆ. ಇನ್‌ಫ್ರಾರೆಡ್ ಗನ್ ಕೆಲಸಕ್ಕೆ ಬರುವುದು ಇಲ್ಲಿ. ಬಿಸಿಲು ಕಾದ ತಗಡಿನ ತಳಭಾಗಕ್ಕೆ, ಬಣ್ಣ ಬಳಿದದ್ದಾದರೆ ಒಳ್ಳೆಯದು, ಗುರಿಯಿಡಿ. 50 ಡಿಗ್ರಿ ಮೀರಿದ ಅಂಕಿ ಕಂಡರೆ ಆಶ್ಚರ್ಯವಿಲ್ಲ. ತಗಡು ಬಿಸಿಲನ್ನು ತಡೆದು, ತಾನು ಕಾದು, ಆ ಶಾಖವನ್ನು ಕೆಳಗೆ ಕೂತವರ ನೆತ್ತಿಗೆ ಸುರಿಯುತ್ತದೆ. ಪಕ್ಕದ ಮರದ ಎಲೆಗೆ ಗುರಿಯಿಟ್ಟರೆ ಗಾಳಿಯ ಉಷ್ಣತೆಯ ಆಸುಪಾಸಿನಲ್ಲೇ ಇರುತ್ತದೆ. ಎಲೆ ತೆಳು, ಸಣ್ಣದು. ಸುಳಿವ ಗಾಳಿ ಅದರ ಶಾಖ ಒಯ್ಯುತ್ತದೆ. ಜೊತೆಗೆ ಅದು ಬೆವರುತ್ತದೆ.

ಈ ಬೆವರಿನ ಲೆಕ್ಕವೂ ಸಣ್ಣದಲ್ಲ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2.4 ಮೆಗಾಜೂಲ್ ಶಾಖ ಬೇಕು. ದಿನಕ್ಕೆ 100 ಲೀಟರ್ ನೀರು ಆವಿ ಮಾಡುವ ಮರ 67 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖವನ್ನು ಬೀದಿಯಿಂದ ಎತ್ತುತ್ತದೆ. ಹಾಗಿದ್ದರೂ ಒಂಟಿ ಮರದಡಿಯ ಗಾಳಿ ಒಂದೆರಡು ಡಿಗ್ರಿಗಿಂತ ಇಳಿಯದಿರುವುದು ಗಾಳಿ ಹರಿಯುತ್ತಲೇ ಇರುವುದರಿಂದ. ಮರಗಳು ಹೆಚ್ಚಿ ಇಡೀ ಬಡಾವಣೆ ಆವರಿಸಿದರೆ ಚಿತ್ರ ಬದಲಾಗುತ್ತದೆ. ಅಮೆರಿಕದ ಮ್ಯಾಡಿಸನ್ ನಗರದಲ್ಲಿ ಸೈಕಲ್ಲಿಗೆ ಸಂವೇದಕ ಕಟ್ಟಿಕೊಂಡು ಬೀದಿ ಬೀದಿ ಸುತ್ತಿದ ಸಂಶೋಧಕರು 2019ರಲ್ಲಿ ಪ್ರಕಟಿಸಿದ್ದು ಇದನ್ನೇ: ಸುತ್ತಲಿನ ಜಾಗದ ನೂರಕ್ಕೆ 40 ಪಾಲು ಮರಗಳಿಂದ ಮುಚ್ಚಿದ ಮೇಲೆ ಹಗಲಿನ ಗಾಳಿಯ ತಂಪು ಎದ್ದು ಕಾಣುತ್ತದೆ. ಮೆಲ್ಬರ್ನ್ ನಗರ 2012ರಲ್ಲಿ ಹಾಕಿಕೊಂಡ ಗುರಿಯೂ ಅಷ್ಟೇ, 2040ರ ಹೊತ್ತಿಗೆ ನೂರಕ್ಕೆ 40. ಯುರೋಪಿನ 93 ನಗರಗಳ ಲೆಕ್ಕ ಹಾಕಿದ 2023ರ ಅಧ್ಯಯನವೊಂದು, ಮರದ ಹೊದಿಕೆಯನ್ನು 30 ಪಾಲಿಗೆ ಏರಿಸಿದರೆ ಬೇಸಿಗೆಯ ಗಾಳಿ ಸರಾಸರಿ 0.4 ಡಿಗ್ರಿ ಇಳಿದೀತು ಎಂದಿತು. ಕೇಳಲು ಪುಡಿ ಅಂಕಿ. ಆದರೆ ಅದರಿಂದ ಒಂದು ಬೇಸಿಗೆಯಲ್ಲಿ 2644 ಅಕಾಲ ಮರಣ ತಪ್ಪುತ್ತಿದ್ದವು ಎಂಬುದು ಅದೇ ಅಧ್ಯಯನದ ಲೆಕ್ಕ. ನೆರಳಿನ ಲಾಭ ಇದರಲ್ಲಿ ಸೇರಿಯೇ ಇಲ್ಲ.

ನೀರಿಲ್ಲದಿದ್ದರೆ ಮರ ತನ್ನ ಪತ್ರರಂಧ್ರ ಮುಚ್ಚಿಕೊಂಡು ಬೆವರುವುದನ್ನು ನಿಲ್ಲಿಸುತ್ತದೆ. ಆಮೇಲೆ ಎಲೆಯನ್ನೂ ಉದುರಿಸುತ್ತದೆ, ಅದೂ ನಮಗೆ ತೀರಾ ಬೇಕಾದ ದಿನಗಳಲ್ಲಿ. ಬುಡದ ತನಕ ಕಾಂಕ್ರೀಟು ಬಿಗಿದು, ಒಂದು ಚದರ ಅಡಿ ಮಣ್ಣು ಬಿಟ್ಟು, ‘ಮರ ಯಾಕೋ ಏಳಲಿಲ್ಲ’ ಎನ್ನುವವರ ಮೇಲೆ ನನಗೆ ಕನಿಕರವಿಲ್ಲ. ಹಂದರ ಅಗಲವಾಗಬೇಕಾದರೆ ಬೇರಿಗೆ ಹತ್ತಾರು ಘನ ಮೀಟರ್ ಮಣ್ಣು ಬೇಕು. ಫುಟ್‌ಪಾತಿನ ಅಡಿಯಲ್ಲಿ ಅಷ್ಟು ಸಡಿಲ ಮಣ್ಣು ಬಿಟ್ಟರೆ ಕಲ್ಲು ಕುಸಿಯುತ್ತದೆ ಎನ್ನುವುದಕ್ಕೆ ಸ್ಟಾಕ್‌ಹೋಮಿನವರು ಉಪಾಯ ಮಾಡಿದ್ದಾರೆ: ದಪ್ಪ ಜಲ್ಲಿ ತುಂಬಿ ಅದರ ಮೇಲೆ ಫುಟ್‌ಪಾತು, ಭಾರವನ್ನು ಜಲ್ಲಿ ಹೊರುತ್ತದೆ, ಕಲ್ಲುಗಳ ಸಂದಿಯ ಮಣ್ಣಿನಲ್ಲಿ ಬೇರು ಹರಿಯುತ್ತದೆ, ಮಳೆನೀರೂ ಅಲ್ಲಿಗೇ ಇಳಿಯುತ್ತದೆ. ಅಷ್ಟು ಆಗದಿದ್ದರೆ ಪಕ್ಕಪಕ್ಕದ ಗುಂಡಿಗಳನ್ನು ಒಂದೇ ಉದ್ದನೆಯ ಕಾಲುವೆಯಾಗಿ ಸೇರಿಸಿ. ಬೇರುಗಳು ಹಂಚಿಕೊಂಡು ಬದುಕುತ್ತವೆ.

ಮರ ಅಡ್ಡಿಯಾಗುವ ಕಡೆ

ಇದನ್ನು ಮುಚ್ಚಿಡುವುದು ಸರಿಯಲ್ಲ. ಸೂರ್ಯ ಮುಳುಗಿದ ಮೇಲೆ ನೆಲ, ಗೋಡೆಗಳು ಹಗಲಿನ ಶಾಖವನ್ನು ಆಕಾಶಕ್ಕೆ ಬಿಡುತ್ತವೆ. ಮೇಲೆ ಎಲೆಯ ಮುಚ್ಚಳವಿದ್ದರೆ ಅದು ನಿಧಾನವಾಗುತ್ತದೆ. ರಾತ್ರಿ ಅದೇ ಚೆಂಡನ್ನು ತೂಗುಹಾಕಿ ನೋಡಿ, ಮರದಡಿಯ ಅಂಕಿ ಬಯಲಿಗಿಂತ ತುಸು ಮೇಲೆ ಇದ್ದರೂ ಇರಬಹುದು. ಹಗಲಿನ ಲಾಭದ ಮುಂದೆ ಇದು ಸಣ್ಣ ನಷ್ಟ.

ಹೆಚ್ಚು ಯೋಚಿಸಬೇಕಾದದ್ದು ಗಾಳಿಯ ಬಗ್ಗೆ. ಎತ್ತರದ ಕಟ್ಟಡಗಳ ನಡುವಿನ ಇಕ್ಕಟ್ಟು ಬೀದಿಯಲ್ಲಿ ವಾಹನ ದಟ್ಟವಾಗಿದ್ದು, ಎರಡೂ ಬದಿಯ ಹಂದರ ಕೂಡಿ ಸುರಂಗವಾದರೆ ಹೊಗೆ ಮೇಲೆ ಹೋಗಲು ದಾರಿಯಿಲ್ಲ, ಸೆಕೆಯೂ ಅಲ್ಲೇ ನಿಲ್ಲುತ್ತದೆ. ಅಂಥ ಕಡೆ ಬಿಸಿಲು ಬೀಳುವ ಬದಿಗೆ ಮಾತ್ರ ಮರ, ಅವುಗಳ ನಡುವೆ ತುಸು ತೆರವು. ಆರ್ದ್ರತೆ ಮೊದಲೇ ಹೆಚ್ಚಿರುವ ಊರುಗಳಲ್ಲಿ ಗಾಳಿ ಬರುವ ದಿಕ್ಕಿಗೆ ಪೊದೆಯಂಥ ಕುಳ್ಳು ಗಿಡಗಳ ಸಾಲು ಹಾಕಬೇಡಿ. ಕಾಂಡ ಉದ್ದ, ಹಂದರ ಮೇಲೆ ಇದ್ದರೆ ಕೆಳಗೆ ಗಾಳಿ ಆಡುತ್ತದೆ. ಚಳಿಯ ಊರಿನಲ್ಲಿ ಚಳಿಗಾಲದ ಬಿಸಿಲಿಗೆಂದು ಎಲೆ ಉದುರಿಸುವ ಜಾತಿ ಆರಿಸುತ್ತಾರೆ. ಬೋಳಾದ ಮೇಲೂ ಕೊಂಬೆರೆಂಬೆಗಳು ಅರ್ಧದಷ್ಟು ಬಿಸಿಲು ತಡೆಯಬಲ್ಲವು ಎನ್ನುವುದು ಲೆಕ್ಕದಲ್ಲಿರಲಿ.

ತಂತಿಗೆ ತಾಗುತ್ತದೆಂದು ನೆತ್ತಿಯನ್ನೇ ಕತ್ತರಿಸಿಬಿಡುವುದನ್ನು ಸವರುವುದು ಎನ್ನಲಾಗದು. ಮರ ಉಳಿದರೂ ನೆರಳು ಹೋಗುತ್ತದೆ, ಕತ್ತರಿಸಿದ ತುದಿಯಲ್ಲಿ ಚಿಗುರುವ ಕಡ್ಡಿಗಳು ದುರ್ಬಲ. ತಂತಿಯ ಕೆಳಗೆ ಗಿಡ್ಡ ಜಾತಿ, ತಂತಿಯಿಲ್ಲದ ಬದಿಗೆ ದೊಡ್ಡ ಜಾತಿ ಎಂದು ನೆಡುವಾಗಲೇ ತೀರ್ಮಾನಿಸಿದರೆ ಈ ಜಗಳ ಹುಟ್ಟುವುದಿಲ್ಲ.

ಅರ್ಜಿ ಬರೆಯುವಾಗ

‘ನಮ್ಮ ಬೀದಿಗೆ ನೂರು ಸಸಿ ಕೊಡಿ’ ಎಂದು ಬರೆಯಬೇಡಿ. ನೂರು ಸಸಿ ಬರುತ್ತವೆ, ಗೇಟಿನ ಮುಂದೆ, ಚರಂಡಿಯ ಮೇಲೆ, ಎಲ್ಲೆಂದರಲ್ಲಿ ಕೂರುತ್ತವೆ. ಅದರ ಬದಲು ನಕ್ಷೆ ಲಗತ್ತಿಸಿ: ಈ ನಿಲ್ದಾಣದಲ್ಲಿ ಮಧ್ಯಾಹ್ನ ಮೂರಕ್ಕೆ ಚೆಂಡಿನ ಅಂಕಿ ಇಷ್ಟು, ಆ ಮರದಡಿ ಇಷ್ಟು, ಈ ಬಾಗಿಲಿನಿಂದ ಆ ಬಾಗಿಲಿನವರೆಗೆ ಇಷ್ಟು ಮೀಟರ್ ನೆರಳಿಲ್ಲ, ಇಂತಿಂಥ ಕಡೆ ಮರ ಬೇಕು, ಮಣ್ಣು ಇಷ್ಟು ಬಿಡಬೇಕು. ಕಡಿಯಲು ಗುರುತು ಮಾಡಿರುವ ಹಳೆಯ ಮರವಿದ್ದರೆ ಅದರ ನೆರಳಿನ ಅಗಲವನ್ನೂ ಬರೆಯಿರಿ. ಒಂದಕ್ಕೆ ಹತ್ತು ಸಸಿ ನೆಡುತ್ತೇವೆ ಎನ್ನುವ ಭರವಸೆ ಬಂದಾಗ, ಹತ್ತೂ ಸಸಿಗಳ ಇವತ್ತಿನ ನೆರಳನ್ನು ಅದೇ ಟೇಪಿನಿಂದ ಅಳೆದು ಪಕ್ಕದಲ್ಲಿ ನಮೂದಿಸಿ.

ಹೊಸ ಸಸಿ ಫುಟ್‌ಪಾತಿಗೆ ನೆರಳು ಕೊಡಲು ವರ್ಷಗಳೇ ಬೇಕು. ಅಲ್ಲಿಯ ತನಕ ನಿಲ್ದಾಣದಂಥ ಕಡೆ ತಿಳಿಬಣ್ಣದ ದಪ್ಪ ಬಟ್ಟೆ ಕಟ್ಟಿಸಿ. ತಲೆಯ ಮೇಲೆ ಒಂದು, ಪಶ್ಚಿಮದ ಬದಿಗೆ ಇಳಿಬಿಟ್ಟದ್ದು ಇನ್ನೊಂದು. ಎರಡರ ನಡುವೆ ಬಿಸಿಗಾಳಿ ಹೊರಹೋಗಲು ಒಂದು ಗೇಣು ಸಂದಿ ಬಿಡಿ. ಬಟ್ಟೆಯ ಹಗ್ಗವನ್ನು ಸಸಿಗೆ ಮಾತ್ರ ಕಟ್ಟಬೇಡಿ.